ತದ್ವಿದ್ಯರ ಸಂಭಾಷೆ

ಒಬ್ಬನು ಮಾಡಿದ ಕೆಲಸ ಚೆನ್ನಾಗಿದೆಯೆಂದು ನಿರ್ಣಯಿಸುವ ಅಧಿಕಾರ ಯಾರಿಗೆ ಸೇರಿದ್ದು? ಕೂಲಿ ಕೊಟ್ಟವನಿಗೆ ಎಂದು ಲೋಕವ್ಯವಹಾರ ಹೇಳುತ್ತದೆ. ಕೆಲಸದ ಫಲವನ್ನು ಅನುಭವಿಸುವವನಿಗೆ ಎಂದು ವಾಣಿಜ್ಯನೀತಿ ಹೇಳುತ್ತದೆ. ಮಾಡಿದವನ ಅಂತಸ್ಸಾಕ್ಷಿಗೆ ಎಂದು ಧರ್ಮವಿಚಾರ ಮಾಡತಕ್ಕವರು ಹೇಳುತ್ತಾರೆ. ಈ ಮೂರು ಉತ್ತರಗಳಲ್ಲಿಯೂ ಸತ್ಯಾಂಶವುಂಟು. ಆದರೆ ಮೂರನ್ನೂ ಕೂಡಿಸಿ ನೋಡಿದ ಮೇಲೆಯೂ ಏನೋ ಒಂದು ಅಂಶ ಅವುಗಳ ಹಿಡಿತಕ್ಕೆ ಸಿಕ್ಕದೆ ಉಳಿದುಬಿಡುತ್ತದೆ. ಕೂಲಿ ಕೊಟ್ಟವನು ಕೆಲಸ ಮುಗಿಯಿತೋ ಇಲ್ಲವೋ ಎಂಬುದನ್ನು ಬಲ್ಲನು. ಫಲಭೋಗಿಯು ಅದು ತನಗೆ ಒದಗಿತೋ ಇಲ್ಲವೋ ಎಂಬುದನ್ನು ಬಲ್ಲನು. ಮಾಡಿದವನು ತಾನು ಶ್ರದ್ಧೆಯಿಂದ ಮಾಡಿದೆನೋ ಇಲ್ಲವೋ ಎಂಬುದನ್ನು ಬಲ್ಲನು. ಆ ಕೆಲಸವು ಅದರ ವಿದ್ಯೆಯ ಮರ್ಯಾದೆಗೆ ತಕ್ಕಂತೆ ನಡೆದಿದೆಯೆ ಎಂಬುದನ್ನು ಹೇಳಬಲ್ಲವನು, ಅದೇ ವಿದ್ಯೆಯಲ್ಲಿ ಕೈ ಪಳಗಿಸಿಕೊಂಡ ಮತ್ತೊಬ್ಬನು ಮಾತ್ರ.

ಪ್ರಶ್ನೆ ಬಹಳ ಹಳೆಯದು. ಆದರೆ ನಮ್ಮ ಕಾಲದ ಅತ್ಯಂತ ಹೊಸ ಕಾರ್ಯಾಲಯಗಳೇ ಅದನ್ನು ಮತ್ತೆ ಎತ್ತಿವೆ. ‘ಅಜೈಲ್’ ಎಂಬ ಹೆಸರಿನಿಂದ ಪ್ರಸಿದ್ಧವಾದ ಪದ್ಧತಿಯನ್ನು ಅನುಸರಿಸುವ ಸಾಫ್ಟ್‌ವೇರ್ ಸಂಸ್ಥೆಗಳಲ್ಲಿ ‘ಕಮ್ಯೂನಿಟಿ ಆಫ್ ಪ್ರಾಕ್ಟೀಸ್’ ಎಂಬ ಒಂದು ಏರ್ಪಾಡು ಉಂಟು. ಬೇರೆಬೇರೆ ತಂಡಗಳಲ್ಲಿ ದುಡಿಯುವ, ಆದರೆ ಒಂದೇ ವಿದ್ಯೆಯನ್ನು ಅವಲಂಬಿಸಿದ ಜನ ಆಗಾಗ ಒಂದೆಡೆ ಸೇರಿ ಆ ವಿದ್ಯೆಯನ್ನೇ ಕುರಿತು ಮಾತನಾಡುವ ಗೋಷ್ಠಿ ಅದು. ಇದರಿಂದ ಏನು ಪ್ರಯೋಜನವೆಂದು ಮೇಲಧಿಕಾರಿಗಳು ಕೇಳುತ್ತಾರೆ. ಜ್ಞಾನದ ಹಂಚಿಕೆ, ಪುನರಾವೃತ್ತಿಯ ನಿವಾರಣೆ, ಹೊಸಬರ ಶಿಕ್ಷಣ ಎಂದು ಗೋಷ್ಠಿಯವರು ಉತ್ತರ ಬರೆದುಕೊಡುತ್ತಾರೆ. ಉತ್ತರ ಸುಳ್ಳಲ್ಲ. ಆದರೆ ಅದಕ್ಕಿಂತ ಆಳವಾದ ಉತ್ತರವೊಂದು ಉಂಟೆಂದೂ, ಅದು ಆಡಳಿತಶಾಸ್ತ್ರಕ್ಕಿಂತ ಹೆಚ್ಚಾಗಿ ಧರ್ಮಜಿಜ್ಞಾಸೆಗೆ ಸೇರಿದ್ದೆಂದೂ ನನ್ನ ನಂಬಿಕೆ.

ಮೊದಲು ಅಜೈಲ್ ಪದ್ಧತಿಗೆ ಸಲ್ಲತಕ್ಕ ಗೌರವವನ್ನು ಸಲ್ಲಿಸುವುದು ನ್ಯಾಯ. 2001ನೆಯ ಇಸವಿಯ ಫೆಬ್ರವರಿ ತಿಂಗಳಲ್ಲಿ ಅಮೆರಿಕದ ಯೂಟಾ ಸಂಸ್ಥಾನದ ಸ್ನೋಬರ್ಡ್ ಎಂಬ ಗಿರಿಪ್ರದೇಶದಲ್ಲಿ 17 ಮಂದಿ ಸಾಫ್ಟ್‌ವೇರ್ ತಜ್ಞರು ಕಲೆತು, ನಾಲ್ಕು ಮೌಲ್ಯಗಳ ಒಂದು ಚಿಕ್ಕ ಘೋಷಣೆಯನ್ನು ಸಿದ್ಧಪಡಿಸಿದರು. 12 ತತ್ತ್ವಗಳು ಅದರೊಡನೆ ಸೇರಿಕೊಂಡವು. ಅದಕ್ಕೆ ಮುಂಚೆ ದೊಡ್ಡ ಸಂಸ್ಥೆಗಳಲ್ಲಿ ಕೆಲಸವು ಸಾಮಾನ್ಯವಾಗಿ ಇಲಾಖೆಯಿಂದ ಇಲಾಖೆಗೆ ಕಡತವಾಗಿ ಸಾಗುತ್ತಿತ್ತು. ಒಬ್ಬರು ಯೋಚಿಸಿ ಬರೆದುದನ್ನು ಮತ್ತೊಬ್ಬರು ಕಟ್ಟಿ, ಅವರು ಕಟ್ಟಿದುದನ್ನು ಮಗುದೊಬ್ಬರು ಪರೀಕ್ಷಿಸಿ, ಕೊನೆಗೆ ಅದು ಬಳಕೆದಾರನ ಕೈ ಸೇರುವ ಹೊತ್ತಿಗೆ ಅವನ ಅಗತ್ಯವೇ ಬದಲಾಗಿರುತ್ತಿತ್ತು. ಹೊಸ ಪದ್ಧತಿಯು ಈ ಇಲಾಖೆಗಳ ಗೋಡೆಗಳನ್ನು ಕೆಡವಿ, ಬೇರೆಬೇರೆ ವಿದ್ಯೆಯವರನ್ನು ಒಂದು ಚಿಕ್ಕ ತಂಡವಾಗಿ ಕೂಡಿಸಿ, ಒಂದೇ ವಸ್ತುವಿನ ಸುತ್ತ ನಿಲ್ಲಿಸಿತು. ಈ ಪದ್ಧತಿಗೆ ಸೇರಿದ ಸ್ಕ್ರಮ್ ಎಂಬ ಕ್ರಮದ ಮಾರ್ಗದರ್ಶಿಯ 2020ರ ಆವೃತ್ತಿಯ ಪ್ರಕಾರ ತಂಡದಲ್ಲಿ ಸಾಮಾನ್ಯವಾಗಿ 10 ಜನಕ್ಕಿಂತ ಹೆಚ್ಚಿರಬಾರದು. ಅದರೊಳಗೆ ಉಪತಂಡಗಳೂ ಇರಬಾರದು, ಮೇಲುಕೀಳೂ ಇರಬಾರದು. ಒಂದು ತಿಂಗಳನ್ನು ಮೀರದ, ಹಲವೆಡೆ ಎರಡೇ ವಾರಗಳ, ‘ಸ್ಪ್ರಿಂಟ್’ ಎಂಬ ಅವಧಿಯಲ್ಲಿ ಒಂದಿಷ್ಟನ್ನು ಮಾಡಿ, ಬೇಕಾದವರಿಗೆ ತೋರಿಸಿ, ಅವರ ಮಾತನ್ನು ಕೇಳಿ, ತಿದ್ದಿಕೊಂಡು ಮುಂದೆ ಹೋಗುವುದು ಇದರ ನಡೆ. ಎಲ್ಲವನ್ನೂ ಮುಂದಾಗಿಯೇ ಬಲ್ಲೆವೆಂಬ ಅಹಂಕಾರವನ್ನು ತೊರೆದು, ಅಜ್ಞಾನವನ್ನು ಒಪ್ಪಿಕೊಂಡು ಹೆಜ್ಜೆಯಿಡುವ ಈ ರೀತಿಯಲ್ಲಿ ಒಂದು ವಿನಯವಿದೆ; ಆ ವಿನಯಕ್ಕೆ ನಾನು ತಲೆಬಾಗುತ್ತೇನೆ.

ಆದರೆ ಗೋಡೆ ಬಿದ್ದಾಗ ಗೋಡೆಯೊಳಗೆ ಇದ್ದುದೂ ಚೆದುರಿಹೋಯಿತು. ಬೆಂಗಳೂರಿನ ಹೊರವರ್ತುಲ ರಸ್ತೆಯ ಯಾವುದಾದರೊಂದು ಕಾರ್ಯಾಲಯದಲ್ಲಿ ಎಂಟು ಜನರ ತಂಡವೊಂದಕ್ಕೆ ಒಬ್ಬಳೇ ಟೆಸ್ಟರಾಗಿರುವ ತರುಣಿಯನ್ನು ನೆನೆದುಕೊಳ್ಳೋಣ. ಹಿಂದಿನ ವ್ಯವಸ್ಥೆಯಲ್ಲಾದರೆ ಆಕೆ ನಲವತ್ತು ಪರೀಕ್ಷಕರ ನಡುವೆ ಕುಳಿತಿರುತ್ತಿದ್ದಳು. ಎದುರಿನ ಮೇಜಿನವರು ಒಂದು ತೊಡಕನ್ನು ಹೇಗೆ ಬಿಡಿಸುತ್ತಾರೆಂಬುದು ಕೇಳಬೇಕೆಂದಿಲ್ಲದೆ ಕಣ್ಣಿಗೆ ಬೀಳುತ್ತಿತ್ತು. ಈಗ ಆಕೆಯ ಸುತ್ತ ಇರುವವರು ಒಳ್ಳೆಯವರು, ಸ್ನೇಹಪರರು, ಒಂದೇ ಗುರಿಗಾಗಿ ಆಕೆಯೊಡನೆ ದುಡಿಯುವವರು. ಆದರೆ ಆಕೆಯ ವಿದ್ಯೆ ಅವರದಲ್ಲ. ಸ್ಪ್ರಿಂಟಿನ ಕೊನೆಯ ದಿನ, ತಯಾರಾಗುವ ವಸ್ತುವಿನ ಹೊಣೆ ಹೊತ್ತ ‘ಪ್ರಾಡಕ್ಟ್ ಓನರ್’ ಬಂದು, ಪರೀಕ್ಷೆ ಮುಗಿಯಿತೆ, ಬಿಡುಗಡೆ ಮಾಡಬಹುದೆ ಎಂದು ಕೇಳುತ್ತಾನೆ. ಮುಗಿಯಿತು ಎಂದು ಆಕೆ ಹೇಳಿದರೆ ಅದನ್ನು ಸಂದೇಹಿಸಬಲ್ಲವರು ಆ ಕೋಣೆಯಲ್ಲಿ ಯಾರೂ ಇಲ್ಲ. ಆಕೆಯ ಪರೀಕ್ಷೆ ಎಷ್ಟು ಸೂಕ್ಷ್ಮವಾಗಿತ್ತೆಂದು ಮೆಚ್ಚಬಲ್ಲವರೂ ಇಲ್ಲ; ಎಲ್ಲಿ ಸಡಿಲವಾಗಿತ್ತೆಂದು ನಾಚಿಸಬಲ್ಲವರೂ ಇಲ್ಲ. ವರ್ಷಗಳು ಕಳೆದಂತೆ, ಆಕೆಯ ದೋಷವೇನೂ ಇಲ್ಲದೆ, ಆಕೆಯ ವಿದ್ಯೆಯ ಅಳತೆಗೋಲು ತಂಡದ ಗಡುವಿಗೆ ಸಮನಾಗುವಷ್ಟು ಕುಗ್ಗುತ್ತ ಬರುತ್ತದೆ.

ಇದು ಸಾಫ್ಟ್‌ವೇರಿಗೆ ಮಾತ್ರ ಬಂದ ಕಷ್ಟವಲ್ಲ. ಅಜೈಲ್ ಘೋಷಣೆಗೆ ಹತ್ತು ವರ್ಷಗಳಷ್ಟು ಮುಂಚೆಯೇ ಅಮೆರಿಕದ ಕ್ರೈಸ್ಲರ್ ಕಾರಿನ ಕಂಪೆನಿಯಲ್ಲಿ ಇದೇ ಕಥೆ ನಡೆದಿತ್ತು. ಬ್ರೇಕಿನವರು ಒಂದೆಡೆ, ಎಂಜಿನ್ನಿನವರು ಒಂದೆಡೆ ಎಂದು ವಿದ್ಯಾನುಸಾರವಾಗಿ ವಿಂಗಡವಾಗಿದ್ದ ಎಂಜಿನಿಯರುಗಳನ್ನು, ಸಣ್ಣ ಕಾರು, ದೊಡ್ಡ ಕಾರು, ಮಿನಿವ್ಯಾನು ಎಂದು ವಾಹನಾನುಸಾರವಾಗಿ ಒಡೆದು ಕೂಡಿಸಲಾಯಿತು. ಹೊಸ ವಾಹನವನ್ನು ರೂಪಿಸಲು ಹಿಡಿಯುತ್ತಿದ್ದ ಕಾಲ ಬಹಳವಾಗಿ ಇಳಿಯಿತು. ಆದರೆ ಒಂದು ವಾಹನದ ಬ್ರೇಕಿನವನು ಮಾಡಿದ ತಪ್ಪನ್ನೇ ಮತ್ತೊಂದು ವಾಹನದ ಬ್ರೇಕಿನವನು ಮತ್ತೆ ಮಾಡಿದನು. ಒಂದೇ ಬಿಡಿಭಾಗ ಅಲ್ಪಸ್ವಲ್ಪ ವ್ಯತ್ಯಾಸದಿಂದ ಹಲವು ರೂಪಗಳನ್ನು ತಳೆಯಿತು. ಆಗ ಹಳೆಯ ಸಹೋದ್ಯೋಗಿಗಳು ಯಾರ ಅಪ್ಪಣೆಯನ್ನೂ ಕಾಯದೆ ತಾವು ತಾವೇ ಸೇರಿ ಮಾತನಾಡತೊಡಗಿದರು. ಆಡಳಿತದವರು ಅದನ್ನು ತಡೆಯದೆ, ಮತ್ತೆ ಹಳೆಯ ಇಲಾಖೆಗಳಿಗೂ ಮರಳದೆ, ಆ ಕೂಟಗಳನ್ನು ಮನ್ನಿಸಿದರು. ‘ಟೆಕ್ ಕ್ಲಬ್’ ಎಂಬ ಹೆಸರಿನಿಂದ ಅವು ಬೆಳೆದವು. ಅಪ್ಪಣೆಯಿಲ್ಲದೆ ಅವರನ್ನು ಒಟ್ಟಿಗೆ ತಂದದ್ದು ಯಾವುದು ಎಂಬುದೇ ನನಗೆ ಮುಖ್ಯವಾದ ಪ್ರಶ್ನೆ. ಕಂಪೆನಿಯ ಲಾಭ ಅವರ ಮನಸ್ಸಿನಲ್ಲಿ ಇದ್ದೇ ಇದ್ದೀತು. ಆದರೆ ತಮ್ಮ ವಿದ್ಯೆ ಕೆಡುತ್ತಿರುವುದನ್ನು ಕಂಡ ಸಂಕಟವು ಅದಕ್ಕಿಂತ ಬಲವಾಗಿದ್ದಿರಬೇಕು.

ಯವನದೇಶದ ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದ ಮೊದಲನೆಯ ಭಾಗದಲ್ಲಿ ಈ ಸಂಕಟದ ಬೇರನ್ನು ಹಿಡಿದಿದ್ದಾನೆ. ಅಲ್ಲಿ ಸಾಕ್ರಟೀಸನು ಥ್ರಾಸಿಮೇಕಸ್ಸನೊಡನೆ ವಾದಿಸುತ್ತ, ವೈದ್ಯನು ವೈದ್ಯನಾಗಿರುವಷ್ಟರ ಮಟ್ಟಿಗೆ ರೋಗಿಯ ಹಿತವನ್ನೇ ನೋಡುತ್ತಾನೆಯೇ ಹೊರತು ತನ್ನ ಹಿತವನ್ನಲ್ಲವೆಂದೂ, ಅವನು ಹಣ ಸಂಪಾದಿಸುವುದು ವೈದ್ಯವಿದ್ಯೆಯಿಂದಲ್ಲ, ಅದರೊಡನೆ ಸೇರಿಕೊಂಡಿರುವ ಸಂಪಾದನೆಯೆಂಬ ಬೇರೊಂದು ವಿದ್ಯೆಯಿಂದ ಎಂದೂ ತೋರಿಸುತ್ತಾನೆ. ನಮ್ಮ ಕಾಲಕ್ಕೆ ಸಮೀಪದವನಾದ ಅಲಸ್ಡೇರ್ ಮ್ಯಾಕಿಂಟೈರ್ 1981ರಲ್ಲಿ ಪ್ರಕಟಿಸಿದ ‘ಆಫ್ಟರ್ ವರ್ಚ್ಯೂ’ ಎಂಬ ಗ್ರಂಥದಲ್ಲಿ ಇದೇ ವಿಚಾರವನ್ನು ಮುಂದುವರಿಸಿ, ಪ್ರತಿಯೊಂದು ಸಾಧನೆಗೂ ಒಳಗಿನ ಶ್ರೇಯಸ್ಸೊಂದು, ಹೊರಗಿನ ಪ್ರಯೋಜನವೊಂದು ಉಂಟೆಂದು ಹೇಳುತ್ತಾನೆ. ಚದುರಂಗವಾಡಿ ಹಣ ಗೆಲ್ಲಬಹುದು. ಆ ಹಣವನ್ನು ಬೇರೆ ಹತ್ತು ದಾರಿಗಳಿಂದಲೂ ಗಳಿಸಬಹುದು. ಚದುರಂಗದ ಒಂದು ನಡೆಯ ಸೊಗಸು ಮಾತ್ರ ಚದುರಂಗದಲ್ಲಿಯೇ ದೊರೆಯತಕ್ಕದ್ದು; ಅದನ್ನು ಗುರುತಿಸಬಲ್ಲವರು ಚದುರಂಗವನ್ನು ಬಲ್ಲವರೇ. ಒಳಗಿನ ಶ್ರೇಯಸ್ಸಿಗೆ ಸಂಸ್ಥೆಯ ಆಶ್ರಯ ಬೇಕು. ಆದರೆ ಸಂಸ್ಥೆಯ ಸಹಜವಾದ ಒಲವು ಹಣ, ಅಧಿಕಾರ, ಕೀರ್ತಿಗಳ ಕಡೆಗೆ. ಆದಕಾರಣ ಆಶ್ರಯ ಕೊಡುವ ಕೈಯೇ ಕೆಡಿಸುವ ಕೈಯೂ ಆಗಬಲ್ಲುದು ಎಂಬುದು ಅವನ ಎಚ್ಚರಿಕೆ. ಸಮಾನವಿದ್ಯರ ಗೋಷ್ಠಿಯ ಉದ್ದೇಶವೇನೆಂಬುದಕ್ಕೆ ನನ್ನ ಉತ್ತರ ಇಲ್ಲಿಂದ ಹುಟ್ಟುತ್ತದೆ: ವಿದ್ಯೆಯ ಒಳಗಿನ ಶ್ರೇಯಸ್ಸನ್ನು ಕಾಣಬಲ್ಲ ಕಣ್ಣುಗಳು ಒಂದೆಡೆ ಕೂಡಿರುವಂತೆ ನೋಡಿಕೊಳ್ಳುವುದು ಅದರ ಮೊದಲ ಧರ್ಮ, ಉಳಿದ ಪ್ರಯೋಜನಗಳೆಲ್ಲ ಅದರ ಹಿಂದೆ ಬರುವಂಥವು.

ನಮ್ಮ ದೇಶದ ವೈದ್ಯರು ಇದನ್ನು ಪ್ರಾಚೀನಕಾಲದಲ್ಲಿಯೇ ಒಂದು ವಿಧಿಯಾಗಿ ಮಾಡಿಟ್ಟಿದ್ದರು. ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ, ವಿದ್ಯೆಯನ್ನು ಗಳಿಸುವ ಉಪಾಯಗಳು ಅಧ್ಯಯನ, ಅಧ್ಯಾಪನ, ತದ್ವಿದ್ಯಸಂಭಾಷೆ ಎಂದು ಮೂರಾಗಿ ಹೇಳಲ್ಪಟ್ಟಿವೆ. ಕಲಿಯುವುದು ಸಾಲದು, ಕಲಿಸುವುದೂ ಸಾಲದು. ವೈದ್ಯನು ವೈದ್ಯನೊಡನೆ ಮಾತನಾಡಬೇಕು. ಅದರಿಂದ ಆಗುವ ಫಲಗಳನ್ನು ಸಂಹಿತೆಯು ವಿಸ್ತಾರವಾಗಿ ಹೇಳುತ್ತದೆ: ಜ್ಞಾನದಲ್ಲಿ ಉತ್ಸಾಹ ಹೆಚ್ಚುತ್ತದೆ, ಮಾತಿನ ಶಕ್ತಿ ಬರುತ್ತದೆ, ಹಿಂದೆ ಕೇಳಿದುದರಲ್ಲಿ ಸಂದೇಹವಿದ್ದರೆ ಅಳಿಯುತ್ತದೆ, ಸಂದೇಹವಿಲ್ಲದಿದ್ದರೆ ನಿಶ್ಚಯ ಬಲಿಯುತ್ತದೆ, ಎಂದೂ ಕೇಳದಿದ್ದ ವಿಷಯ ಕಿವಿಗೆ ಬೀಳುತ್ತದೆ. ಇವೆಲ್ಲಕ್ಕಿಂತ ನನ್ನನ್ನು ಬೆರಗುಗೊಳಿಸಿದ್ದು ಮತ್ತೊಂದು ಫಲ. ಗುರುವು ಪ್ರಸನ್ನನಾಗಿ ಶಿಷ್ಯನೊಬ್ಬನಿಗೆ ಮಾತ್ರ ಗುಟ್ಟಾಗಿ ಹೇಳಿಕೊಟ್ಟಿದ್ದ ಅರ್ಥವನ್ನೂ, ಆ ಶಿಷ್ಯನು ಸಂಭಾಷೆಯ ಉತ್ಸಾಹದಲ್ಲಿ, ಗೆಲ್ಲಬೇಕೆಂಬ ಹುಮ್ಮಸ್ಸಿನಲ್ಲಿ, ಹೊರಗೆಡಹಿಬಿಡುತ್ತಾನಂತೆ. ಮನುಷ್ಯಸ್ವಭಾವವನ್ನು ಇಷ್ಟು ಚೆನ್ನಾಗಿ ಅರಿತು ಬರೆದ ಮಾತು ಶಾಸ್ತ್ರಗ್ರಂಥಗಳಲ್ಲಿ ಅಪರೂಪ.

ಆ ಸಂಭಾಷೆಯನ್ನು ಚರಕಸಂಹಿತೆಯು ಎರಡಾಗಿ ವಿಭಜಿಸುತ್ತದೆ. ಸ್ನೇಹದಿಂದ ಕೂಡಿ ಮಾಡುವುದು ಸಂಧಾಯಸಂಭಾಷೆ. ಎದುರಾಳಿಯಾಗಿ ನಿಂತು ಮಾಡುವುದು ವಿಗೃಹ್ಯಸಂಭಾಷೆ. ಮೊದಲನೆಯದಕ್ಕೆ ಯೋಗ್ಯನಾದವನು ಯಾರೆಂದರೆ, ವಿದ್ಯಾವಂತನು, ಕೋಪವಿಲ್ಲದವನು, ಅಸೂಯೆಯಿಲ್ಲದವನು, ಒಪ್ಪಿಸಿದರೆ ಒಪ್ಪಿಕೊಳ್ಳಬಲ್ಲವನು, ಮಾತಿನ ಕ್ಲೇಶವನ್ನು ಸಹಿಸಬಲ್ಲವನು. ಅಂಥವನೊಡನೆ ನಿಶ್ಶಂಕೆಯಿಂದ ಕೇಳಬೇಕು, ನಿಶ್ಶಂಕೆಯಿಂದ ಹೇಳಬೇಕು. ಸೋಲುವೆನೆಂದು ಹೆದರಬಾರದು, ಗೆದ್ದೆನೆಂದು ಹಿಗ್ಗಬಾರದು. ತನ್ನ ಪಕ್ಷವನ್ನು ಮೋಹದಿಂದ ಹಿಡಿದುಕೊಂಡು ಕುಳಿತಿರಬಾರದು. ಎರಡನೆಯದರ ವಿವರಣೆ ಬೇರೊಂದು ಲೋಕಕ್ಕೆ ಸೇರಿದ್ದು: ಎದುರಾಳಿ ತನಗಿಂತ ಹಿರಿಯನೋ ಸಮನೋ ಕಿರಿಯನೋ ಎಂದು ಅಳೆಯುವುದು, ಸಭೆ ತಿಳಿದವರದೋ ತಿಳಿಯದವರದೋ ಎಂದು ನೋಡಿಕೊಳ್ಳುವುದು, ಅವನ ದುರ್ಬಲಸ್ಥಾನವನ್ನು ಹುಡುಕುವುದು. ಸಂಹಿತೆಯು ಎರಡನ್ನೂ ನಿರಾಕರಿಸುವುದಿಲ್ಲ. ಲೋಕದಲ್ಲಿ ಎರಡೂ ಬೇಕಾದಾವು ಎಂದು ಅದಕ್ಕೆ ಗೊತ್ತು. ಆದರೆ ಒಂದು ಇದ್ದ ಕಡೆ ಮತ್ತೊಂದು ನಿಲ್ಲಲಾರದು. ಸಹೋದ್ಯೋಗಿಗಳನ್ನು ವರ್ಷಕ್ಕೊಮ್ಮೆ ಒಬ್ಬರ ಎದುರು ಒಬ್ಬರನ್ನು ತೂಗಿ, ಶ್ರೇಣಿ ಕಟ್ಟಿ, ಅದರ ಮೇಲೆ ಸಂಬಳದ ಏರಿಕೆಯನ್ನು ನಿಶ್ಚಯಿಸುವ ಕಾರ್ಯಾಲಯದಲ್ಲಿ ಸಂಧಾಯಸಂಭಾಷೆ ಹೇಗೆ ತಾನೇ ಸಾಧ್ಯ? ತನಗೆ ತಿಳಿಯದುದನ್ನು ತಿಳಿಯದೆಂದು ಅಲ್ಲಿ ಬಾಯಿಬಿಟ್ಟು ಹೇಳಿದವನು ನಷ್ಟಕ್ಕೆ ಗುರಿಯಾಗುತ್ತಾನೆ. ಗೋಷ್ಠಿಗೆ ಕೋಣೆಯನ್ನು ಕೊಟ್ಟು, ಫಲಹಾರವನ್ನೂ ಕೊಟ್ಟು, ಈ ಭಯವನ್ನು ಮಾತ್ರ ಹಾಗೆಯೇ ಉಳಿಸಿದರೆ ಅಲ್ಲಿ ನಡೆಯುವುದು ವಿಗೃಹ್ಯಸಂಭಾಷೆಯೇ. ನಗುಮುಖದಿಂದ ನಡೆದರೂ ಅದೇ.

ಸ್ನೋಬರ್ಡಿನ 17 ಮಂದಿಯ ವಿಷಯದಲ್ಲಿ ಇದನ್ನು ಗಮನಿಸಬೇಕು. ಅವರು ಒಂದೇ ತಂಡದವರಲ್ಲ, ಒಂದೇ ಸಂಸ್ಥೆಯವರಲ್ಲ. ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್, ಸ್ಕ್ರಮ್, ಕ್ರಿಸ್ಟಲ್ ಎಂಬ ಬೇರೆಬೇರೆ ಮತಗಳ ಪ್ರತಿಪಾದಕರು, ಪೇಟೆಯಲ್ಲಿ ಪರಸ್ಪರ ಸ್ಪರ್ಧಿಗಳೂ ಆಗಬಹುದಾದವರು. ಯಾವ ಗಿರಾಕಿಯೂ ಕೇಳದೆ, ಯಾವ ವಸ್ತುವನ್ನೂ ತಯಾರಿಸದೆ, ತಮ್ಮ ವಿದ್ಯೆ ಹೇಗಿದ್ದರೆ ಚೆನ್ನು ಎಂಬುದೊಂದನ್ನೇ ಕುರಿತು ಅವರು ಮಾತನಾಡಿದರು. ಅಜೈಲ್ ಪದ್ಧತಿಯ ಜನನವೇ ತದ್ವಿದ್ಯರ ಸಂಭಾಷೆಯಿಂದ ಆಯಿತೆಂಬುದನ್ನು ಆ ಪದ್ಧತಿಯ ಅನುಯಾಯಿಗಳು ಮರೆಯಬಾರದು. ಅವರ ಒಂಬತ್ತನೆಯ ತತ್ತ್ವವು ವಿದ್ಯಾಕೌಶಲಕ್ಕೂ ಒಳ್ಳೆಯ ವಿನ್ಯಾಸಕ್ಕೂ ನಿರಂತರವಾದ ಗಮನ ಬೇಕೆಂದು ಹೇಳುತ್ತದೆ. ಆ ಗಮನವನ್ನು ತಂಡದೊಳಗೆ ಒಂಟಿಯಾದವನು ಎಷ್ಟು ದಿನ ಕಾಪಾಡಿಕೊಂಡಾನು?

ಮಾತು ಏಕೆ ಬೇಕು, ಪುಸ್ತಕ ಸಾಲದೆ ಎಂದು ಕೇಳುವವರುಂಟು. ಇದಕ್ಕೆ ಉತ್ತರವನ್ನು ಜೂಲಿಯನ್ ಆರ್ ಎಂಬ ಮಾನವಶಾಸ್ತ್ರಜ್ಞನು ಜೆರಾಕ್ಸ್ ಕಂಪೆನಿಯ ಯಂತ್ರ ದುರಸ್ತಿಗಾರರ ನಡುವೆ ಓಡಾಡಿ ಕಂಡುಕೊಂಡನು. 1996ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದನು. ಕಂಪೆನಿ ಕೊಟ್ಟ ಕೈಪಿಡಿಯಲ್ಲಿ ಯಂತ್ರದ ಪ್ರತಿಯೊಂದು ದೋಷಕ್ಕೂ ಕ್ರಮ ಬರೆದಿತ್ತು. ಆದರೆ ನಿಜವಾದ ಯಂತ್ರ ಅದರಂತೆ ಕೆಡುತ್ತಿರಲಿಲ್ಲ. ಆಗ ದುರಸ್ತಿಗಾರರು ಊಟದ ಹೊತ್ತಿನಲ್ಲಿ ಸೇರಿ, ತಾವು ಕಂಡ ವಿಚಿತ್ರವಾದ ಕೇಡುಗಳನ್ನು ಕಥೆಯಾಗಿ ಹೇಳಿಕೊಳ್ಳುತ್ತಿದ್ದರು. ಒಬ್ಬನ ಕಥೆ ಮತ್ತೊಬ್ಬನ ನೆನಪನ್ನು ಕೆರಳಿಸಿ, ಎರಡರ ನಡುವಿನಿಂದ ಪರಿಹಾರ ಹೊಳೆಯುತ್ತಿತ್ತು. ಹೊರಗಿನಿಂದ ನೋಡಿದವರಿಗೆ ಅದು ಹರಟೆ. ನಾವು ಹೇಳಬಲ್ಲುದಕ್ಕಿಂತ ಹೆಚ್ಚನ್ನು ಬಲ್ಲೆವೆಂಬ ತತ್ತ್ವಜ್ಞನಾದ ಮೈಕೇಲ್ ಪೊಲಾನಿಯ ವಿಚಾರಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು.

ಈ ಗೋಷ್ಠಿಗಳಿಗೆ ‘ಕಮ್ಯೂನಿಟಿ ಆಫ್ ಪ್ರಾಕ್ಟೀಸ್’ ಎಂಬ ಇಂದಿನ ಹೆಸರನ್ನು ಕೊಟ್ಟವರು ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್. 1991ರ ಅವರ ಗ್ರಂಥದಲ್ಲಿ ಲೈಬೀರಿಯ ದೇಶದ ದರ್ಜಿಗಳ ವೃತ್ತಾಂತವೊಂದಿದೆ. ಅಲ್ಲಿ ಹೊಸದಾಗಿ ಬಂದ ಹುಡುಗನ ಕೈಗೆ ಕತ್ತರಿಯನ್ನು ಮೊದಲೇ ಕೊಡುವುದಿಲ್ಲ, ಸಿದ್ಧವಾದ ಉಡುಪಿಗೆ ಗುಂಡಿ ಹಚ್ಚುವುದು, ಅಂಚು ಹೊಲಿಯುವುದು ಮೊದಲು, ಹೊಲಿಗೆ ಅನಂತರ, ಬಟ್ಟೆ ಕತ್ತರಿಸುವುದು ಕೊನೆಗೆ. ಕೆಲಸದ ಕ್ರಮ ಹೀಗೆ ತಿರುವುಮುರುವಾಗಿರುವುದರಿಂದ, ಹುಡುಗನು ಪೂರ್ಣವಾದ ಉಡುಪು ಹೇಗಿರುತ್ತದೆಂಬುದನ್ನು ಮೊದಲ ದಿನವೇ ಕಣ್ಣಾರೆ ಕಾಣುತ್ತಾನೆ. ಅದೇ ಗ್ರಂಥದಲ್ಲಿ ಅಮೆರಿಕದ ಮಾಂಸದಂಗಡಿಗಳ ಶಿಷ್ಯರ ಕಥೆ ವಿಷಾದಕರವಾದದ್ದು: ಅವರನ್ನು ಪೊಟ್ಟಣ ಕಟ್ಟುವ ಕೋಣೆಯಲ್ಲಿ ಕೂಡಿಸಿದುದರಿಂದ, ನುರಿತವರು ಕತ್ತರಿಸುವ ಕೆಲಸವನ್ನು ಅವರು ನೋಡುವಂತೆಯೇ ಇರಲಿಲ್ಲ. ಬೋಧನೆಯ ಕೊರತೆಯಲ್ಲ ಅದು, ಸಾನ್ನಿಧ್ಯದ ಕೊರತೆ. 2020ರಿಂದ ಈಚೆಗೆ ಮನೆಯಲ್ಲಿಯೇ ಕುಳಿತು ಕೆಲಸ ಕಲಿಯಬೇಕಾಗಿ ಬಂದ ನಮ್ಮ ತರುಣರ ಸ್ಥಿತಿಯನ್ನು ನೆನೆದಾಗ ಈ ಕಥೆ ನನ್ನ ಮನಸ್ಸಿಗೆ ಬರುತ್ತದೆ. ಅವರು ಹಿರಿಯರ ಮುಗಿದ ಕೆಲಸವನ್ನು ಪರದೆಯ ಮೇಲೆ ನೋಡುತ್ತಾರೆ. ಹಿರಿಯರು ತಡವರಿಸುವುದನ್ನೂ, ಹಾಕಿದ ಹೆಜ್ಜೆಯನ್ನು ಹಿಂದೆಗೆಯುವುದನ್ನೂ ನೋಡುವುದಿಲ್ಲ. ಗೋಷ್ಠಿ ಅವರಿಗೆ ಮಿಕ್ಕವರಿಗಿಂತ ಹೆಚ್ಚಾಗಿ ಬೇಕು.

ಇನ್ನು ನುರಿತವರಿಗೆ ಅದು ಏಕೆ ಬೇಕು? ಛಾಂದೋಗ್ಯೋಪನಿಷತ್ತಿನ ಐದನೆಯ ಅಧ್ಯಾಯದಲ್ಲಿ ಬರುವ ಅಶ್ವಪತಿಯ ಆಖ್ಯಾನವನ್ನು ನಾನು ಓದಿದಾಗಲೆಲ್ಲ ಈ ಪ್ರಶ್ನೆಗೆ ಉತ್ತರ ಅಲ್ಲಿ ದೊರೆತಂತೆ ತೋರುತ್ತದೆ. ಪ್ರಾಚೀನಶಾಲನೇ ಮೊದಲಾದ ಐವರು ದೊಡ್ಡ ಗೃಹಸ್ಥರು, ಮಹಾಶ್ರೋತ್ರಿಯರು, ಒಂದೆಡೆ ಸೇರಿ ಆತ್ಮವೆಂದರೇನು, ಬ್ರಹ್ಮವೆಂದರೇನು ಎಂದು ವಿಚಾರಮಾಡತೊಡಗುತ್ತಾರೆ. ನಿಶ್ಚಯ ದೊರೆಯದೆ ಉದ್ದಾಲಕ ಆರುಣಿಯ ಬಳಿಗೆ ಹೋಗುತ್ತಾರೆ. ಇವರಿಗೆ ಪೂರ್ಣವಾಗಿ ಹೇಳಲು ತನ್ನಿಂದ ಆಗಲಾರದೆಂದು ಮನಗಂಡ ಉದ್ದಾಲಕನು, ಮನೆಗೆ ಬಂದವರನ್ನು ಹಾಗೆಯೇ ಕಳುಹಿಸಿಬಿಡದೆ, ತಾನೂ ಅವರೊಡನೆ ಸೇರಿ ಕೇಕಯದ ಅರಸನಾದ ಅಶ್ವಪತಿಯ ಬಳಿಗೆ ಹೊರಡುತ್ತಾನೆ. ಅರಸನು ಅವರನ್ನು ಸತ್ಕರಿಸಿ, ತಾನು ಯಜ್ಞಮಾಡಲಿರುವುದಾಗಿಯೂ, ಋತ್ವಿಜರಿಗೆ ಕೊಡುವಷ್ಟೇ ಧನವನ್ನು ಇವರಿಗೂ ಕೊಡುವುದಾಗಿಯೂ ಹೇಳುತ್ತಾನೆ. ಅವರು ಅದನ್ನು ಬಯಸುವುದಿಲ್ಲ. ಬಂದ ಕಾರ್ಯವನ್ನೇ ಹೇಳಬೇಕು, ವೈಶ್ವಾನರ ಆತ್ಮನನ್ನು ನೀನು ಬಲ್ಲೆ, ಅದನ್ನೇ ತಿಳಿಸು ಎಂದು ಬೇಡುತ್ತಾರೆ. ಮರುದಿನ ಬೆಳಗ್ಗೆ ಆ ವಯೋವೃದ್ಧರೂ ಜ್ಞಾನವೃದ್ಧರೂ ಆದವರು ಶಿಷ್ಯರ ಹಾಗೆ ಕೈಯಲ್ಲಿ ಸಮಿತ್ತನ್ನು ಹಿಡಿದು ಬರುತ್ತಾರೆ. ಅರಸನೋ ಉಪನಯನದ ವಿಧಿಯನ್ನು ನಡೆಸದೆಯೇ ಅವರಿಗೆ ಹೇಳತೊಡಗುತ್ತಾನೆ.

ಅವನು ಹೇಳುವ ರೀತಿಯನ್ನು ನೋಡಬೇಕು. ನೀನು ಯಾವುದನ್ನು ಆತ್ಮವೆಂದು ಉಪಾಸಿಸುತ್ತೀಯೆ ಎಂದು ಒಬ್ಬೊಬ್ಬನನ್ನೂ ಕೇಳುತ್ತಾನೆ. ಒಬ್ಬನು ದ್ಯುಲೋಕವನ್ನು, ಒಬ್ಬನು ಆದಿತ್ಯನನ್ನು, ಒಬ್ಬನು ವಾಯುವನ್ನು, ಒಬ್ಬನು ಆಕಾಶವನ್ನು, ಒಬ್ಬನು ಜಲವನ್ನು, ಉದ್ದಾಲಕನು ಪೃಥಿವಿಯನ್ನು ಹೆಸರಿಸುತ್ತಾರೆ. ಯಾರ ಉಪಾಸನೆಯೂ ಸುಳ್ಳೆಂದು ಅರಸನು ಹೇಳುವುದಿಲ್ಲ. ಅದರಿಂದಲೇ ನಿನ್ನ ಮನೆಯಲ್ಲಿ ಅನ್ನವಿದೆ, ಸಮೃದ್ಧಿಯಿದೆ ಎಂದು ಒಪ್ಪುತ್ತಾನೆ. ಆದರೆ ಅದು ವೈಶ್ವಾನರನ ತಲೆ ಮಾತ್ರ, ಕಣ್ಣು ಮಾತ್ರ, ಉಸಿರು ಮಾತ್ರ, ಪಾದ ಮಾತ್ರ. ನೀನು ಇಲ್ಲಿಗೆ ಬಾರದೆ ಹೋಗಿದ್ದರೆ ಆ ಅಂಗವೇ ನಿನ್ನಲ್ಲಿ ಕೆಡುತ್ತಿತ್ತು ಎನ್ನುತ್ತಾನೆ. ಆದಿತ್ಯನನ್ನು ಉಪಾಸಿಸಿದವನು ಕುರುಡನಾಗುತ್ತಿದ್ದನಂತೆ. ಒಂದು ಅಂಶದ ಅರಿವು ಫಲಕೊಡದಿದ್ದರೆ ಅದು ಅಂಶಮಾತ್ರವೆಂದು ಬೇಗ ತಿಳಿದೀತು. ಅದು ಸಮೃದ್ಧವಾಗಿ ಫಲಕೊಡುತ್ತಿರುವುದರಿಂದಲೇ ಪೂರ್ಣವೆಂಬ ಭ್ರಮೆ ಹುಟ್ಟುತ್ತದೆ. ತನ್ನ ತಂಡದಲ್ಲಿ ಪ್ರತಿಯೊಂದು ಸ್ಪ್ರಿಂಟಿನಲ್ಲಿಯೂ ಗೆಲ್ಲುತ್ತಿರುವ ಪ್ರವೀಣನ ಅಪಾಯ ಇದೇ. ಸೋತವನಿಗೆ ಸಂದೇಹ ತಾನಾಗಿ ಬರುತ್ತದೆ. ಗೆದ್ದವನಿಗೆ ಅದನ್ನು ಗೆಳೆಯರು ತಂದುಕೊಡಬೇಕು. ಐವರು ಶ್ರೋತ್ರಿಯರೂ ತಮ್ಮ ತಮ್ಮ ಮನೆಗಳಲ್ಲಿಯೇ ಉಳಿದಿದ್ದರೆ ಒಬ್ಬೊಬ್ಬರೂ ಸಂಪನ್ನರಾಗಿಯೇ ಇರುತ್ತಿದ್ದರು.

ಇದಕ್ಕೆ ಎದುರಾಗಿ ಹೇಳಬೇಕಾದ ಮಾತೂ ಬಲವಾದದ್ದೇ. ಒಂದೇ ಕಸುಬಿನವರು ಸೇರಿದರೆ ಮಾತು ಕೊನೆಗೆ ಜನಸಾಮಾನ್ಯರ ವಿರುದ್ಧದ ಒಳಸಂಚಿನಲ್ಲಿ ಮುಗಿಯುತ್ತದೆಂದು ಆಡಂ ಸ್ಮಿತ್ 1776ರಲ್ಲಿಯೇ ಎಚ್ಚರಿಸಿದ್ದನು. ಫ್ರಾನ್ಸಿನಲ್ಲಿ 1791ರಲ್ಲಿ ಕಸುಬಿನ ಸಂಘಗಳನ್ನು ಕಾನೂನಿನಿಂದಲೇ ರದ್ದುಮಾಡಿದರು. ನಮ್ಮ ದೇಶದಲ್ಲಿ ಆದುದು ಇನ್ನೂ ಘೋರ. ವಿದ್ಯೆಯ ಕೂಟವು ಹುಟ್ಟಿನ ಕೂಟವಾಗಿ, ಒಳಗಿದ್ದವರಿಗೆ ಬೇಡವೆಂದರೂ ಬಿಡುಗಡೆಯಿಲ್ಲದೆ, ಹೊರಗಿದ್ದವರಿಗೆ ಬೇಕೆಂದರೂ ಪ್ರವೇಶವಿಲ್ಲದೆ, ಶತಮಾನಗಳ ಅನ್ಯಾಯಕ್ಕೆ ಆಶ್ರಯವಾಯಿತು. ಆ ಗಾಯವನ್ನು ನೆನೆದವರು ಕಸುಬಿನ ಗೋಷ್ಠಿಯನ್ನು ನಂಬಲು ಹಿಂಜರಿದರೆ ಅದು ಸಹಜ. ಕಲ್ಯಾಣದ ಅನುಭವಮಂಟಪವನ್ನು ಇಂಥ ಗೋಷ್ಠಿಗೆ ಹೋಲಿಸುವುದು ಕೆಲವರಿಗೆ ಪ್ರಿಯವಾದೀತು. ನನಗೆ ಅದು ಸರಿಯೆಂದು ತೋರುವುದಿಲ್ಲ. ಅಂಬಿಗನೂ, ಮಡಿವಾಳನೂ, ಹಗ್ಗ ಹೊಸೆಯುವವನೂ, ಅಕ್ಕಿ ಆಯುವವನೂ ಒಂದೇ ಪರತತ್ತ್ವದ ಸುತ್ತ ಕೂಡಿದರೆಂದ ಮೇಲೆ, ಬೇರೆಬೇರೆ ಕಾಯಕದವರನ್ನು ಒಂದೇ ಗುರಿಯ ಸುತ್ತ ಕೂಡಿಸುವ ತಂಡಕ್ಕೆ ಅದು ಹೆಚ್ಚು ಸಮೀಪ. ಜಾತಿಯ ಗೋಡೆಯನ್ನು ಒಡೆಯಲು ಬೇಕಾದದ್ದು ಅಂಥ ಭಿನ್ನವಿದ್ಯರ ಕೂಟವೇ ಆಗಿತ್ತು.

ಆದಕಾರಣ ತಂಡ, ಗೋಷ್ಠಿ ಎರಡೂ ಬೇಕೆಂಬುದೇ ನನ್ನ ತೀರ್ಮಾನ. ಆದರೆ ಅದು ಇಬ್ಬರಿಗೂ ಸಮಾಧಾನ ಹೇಳಿ ಕಳುಹಿಸುವ ತೀರ್ಮಾನವಲ್ಲ. ತಂಡವು ಕಸುಬುದಾರನನ್ನು ಲೋಕದ ಎದುರು ನಿಲ್ಲಿಸುತ್ತದೆ. ಎರಡು ವಾರಕ್ಕೊಮ್ಮೆ ಬಳಕೆದಾರನ ಮುಖವನ್ನು ನೋಡಬೇಕಾದವನು ಗೋಷ್ಠಿಯೊಳಗೆ ಕುಳಿತು ಲೋಕವನ್ನು ಮರೆಯಲಾರನು. ಗೋಷ್ಠಿಯು ಅವನನ್ನು ವಿದ್ಯೆಯ ಎದುರು ನಿಲ್ಲಿಸುತ್ತದೆ; ಅಲ್ಲಿ ತಲೆಯೆತ್ತಿ ನಿಲ್ಲಬೇಕಾದವನು ಬಳಕೆದಾರನ ಕಣ್ಣಿಗೆ ಕಾಣದ ಕಡೆಯಲ್ಲಿಯೂ ಕೆಲಸವನ್ನು ಕೆಡಿಸಲಾರನು. ಎರಡು ಕಡೆಯ ಸೆಳೆತದಿಂದ ಅವನಿಗೆ ನೋವಾದೀತು. ಗಡುವಿಗೆ ಒಪ್ಪಿಸಬೇಕೆಂಬ ತಂಡದ ಮಾತಿಗೂ, ಹೀಗೆ ಒಪ್ಪಿಸುವುದು ವಿದ್ಯೆಗೆ ತಕ್ಕುದಲ್ಲವೆಂಬ ಗೋಷ್ಠಿಯ ಮಾತಿಗೂ ನಡುವೆ ಅವನು ನಿರ್ಣಯಿಸಬೇಕಾದ ಕ್ಷಣಗಳು ಬಂದೇ ಬರುತ್ತವೆ. ಆ ನೋವಿಲ್ಲದ ಕಡೆ ಧರ್ಮನಿರ್ಣಯಕ್ಕೆ ಅವಕಾಶವೇ ಇಲ್ಲ.

ಇನ್ನೊಂದು ಪ್ರಶ್ನೆ ಉಳಿಯಿತು. ಇಂಥ ಗೋಷ್ಠಿಯನ್ನು ಅಪ್ಪಣೆಯಿಂದ ಹುಟ್ಟಿಸಬಹುದೆ? ಸ್ವೀಡನ್ನಿನ ಸ್ಪಾಟಿಫೈ ಸಂಸ್ಥೆಯ ಕ್ರಮವನ್ನು ವಿವರಿಸಿ 2012ರಲ್ಲಿ ಪ್ರಕಟವಾದ ಲೇಖನದಲ್ಲಿ ‘ಚಾಪ್ಟರ್’ ಎಂಬುದೊಂದು, ‘ಗಿಲ್ಡ್’ ಎಂಬುದೊಂದು ಬೇರೆಬೇರೆಯಾಗಿ ಹೇಳಲ್ಪಟ್ಟಿವೆ. ಚಾಪ್ಟರಿಗೆ ಒಬ್ಬ ಮುಖ್ಯಸ್ಥನುಂಟು. ತನ್ನವರ ಬೆಳವಣಿಗೆಯನ್ನೂ ಸಂಬಳವನ್ನೂ ನೋಡಿಕೊಳ್ಳತಕ್ಕವನು ಅವನು. ಗಿಲ್ಡಿಗಾದರೋ ಆಸಕ್ತಿಯುಳ್ಳ ಯಾರೂ ಬರಬಹುದು, ಯಾರೂ ಬಿಡಬಹುದು. ಎರಡೂ ಅಗತ್ಯವಾದಾವು, ಆದರೆ ಸಂಬಳ ನಿಶ್ಚಯಿಸುವವನ ಎದುರಿನಲ್ಲಿ ನಡೆಯುವ ಮಾತಿಗೂ ಅದಿಲ್ಲದ ಮಾತಿಗೂ ಇರುವ ಅಂತರವನ್ನು ಆ ಸಂಸ್ಥೆಯವರು ಗುರುತಿಸಿದ್ದರೆಂಬುದು ದೊಡ್ಡದು. ಅನೇಕ ಕಡೆಗಳಲ್ಲಿ ಈ ವಿವೇಕ ಇರುವುದಿಲ್ಲ. ಗೋಷ್ಠಿಗೆ ಹಾಜರಿ ತೆಗೆದುಕೊಳ್ಳುತ್ತಾರೆ. ಎಷ್ಟು ಉಪನ್ಯಾಸಗಳಾದುವು, ಎಷ್ಟು ಜನ ಬಂದರು ಎಂದು ಮೂರು ತಿಂಗಳಿಗೊಮ್ಮೆ ವರದಿ ಕೇಳುತ್ತಾರೆ. ವರದಿಗಾಗಿ ಉಪನ್ಯಾಸಗಳಾಗುತ್ತವೆ, ಒಬ್ಬರು ಸ್ಲೈಡುಗಳನ್ನು ತೋರಿಸುತ್ತಾರೆ, ಮಿಕ್ಕವರು ಮೌನವಾಗಿ ಕೇಳುತ್ತಾರೆ. ಅಧ್ಯಾಪನವಾಯಿತು, ಸಂಭಾಷೆ ಆಗಲಿಲ್ಲ. ಚರಕಸಂಹಿತೆಯಲ್ಲಿಯೇ ಬೇರೊಂದು ಕಡೆ, ಪುರುಷನೂ ರೋಗಗಳೂ ಎಲ್ಲಿಂದ ಹುಟ್ಟಿದುವೆಂದು ಋಷಿಗಳು ತಮ್ಮ ತಮ್ಮ ಪಕ್ಷವನ್ನೇ ಹಿಡಿದು ವಾದಿಸುತ್ತಿರುವಾಗ, ಪುನರ್ವಸು ಆತ್ರೇಯನು ಅವರನ್ನು ತಡೆದು, ಹೀಗೆ ಪಕ್ಷಕ್ಕೆ ಅಂಟಿಕೊಂಡವರು ಎಣ್ಣೆಯ ಗಾಣದವನಂತೆ ಸುತ್ತುತ್ತಲೇ ಇರುವರಲ್ಲದೆ ಕೊನೆಮುಟ್ಟಲಾರರೆಂದು ಹೇಳುತ್ತಾನೆ. ಗೋಷ್ಠಿಗೆ ಮುಖ್ಯಸ್ಥನೊಬ್ಬನು ಬೇಕಾದರೆ ಅವನ ಕೆಲಸ ಇಷ್ಟೇ: ಸುತ್ತುವಿಕೆಯನ್ನು ಗುರುತಿಸಿ ಮಾತನ್ನು ಮತ್ತೆ ವಿಷಯಕ್ಕೆ ತರುವುದು.

ಸಂಸ್ಥೆಯು ಕೊಡಬಹುದಾದದ್ದು ಕಾಲ. ಸ್ಪ್ರಿಂಟಿನ ಲೆಕ್ಕದಲ್ಲಿ ಒಂದಿಷ್ಟು ಹೊತ್ತನ್ನು ಈ ಸಂಭಾಷೆಗೆಂದು ಮೊದಲೇ ತೆಗೆದಿಡದಿದ್ದರೆ, ಅದು ತರುಣರ ನಿದ್ರೆಯಿಂದಲೋ ಊಟದ ಹೊತ್ತಿನಿಂದಲೋ ಕದ್ದ ಕಾಲವಾಗುತ್ತದೆ. ಮನೆಗೆ ಹೋಗಿ ಮಕ್ಕಳನ್ನು ನೋಡಿಕೊಳ್ಳಬೇಕಾದವರಿಗೆ ಅಲ್ಲಿ ಜಾಗವೇ ಇರುವುದಿಲ್ಲ. ಹೀಗೆ ಕಾಲ ಕೊಟ್ಟ ಮೇಲೆ ಸಂಸ್ಥೆಯು ಪ್ರತಿಯಾಗಿ ಕೇಳಬಹುದಾದದ್ದೂ ಒಂದುಂಟು: ಗೋಷ್ಠಿಯ ಬಾಗಿಲು ಹೊಸಬರಿಗೆ ತೆರೆದಿರಬೇಕು, ಹೊರಗಿನವರು ಬಂದು ಕೇಳುವುದಕ್ಕೂ ಅಡ್ಡಿಯಿರಬಾರದು. ಮೇಲಧಿಕಾರಿಗಳು ಬರಬಹುದೆ ಎಂಬ ಪ್ರಶ್ನೆಗೂ ನನ್ನ ಉತ್ತರ ಬರಬಹುದೆಂದೇ. ಅವರಲ್ಲಿ ಬಹುಮಂದಿ ಒಂದು ಕಾಲದಲ್ಲಿ ಆ ವಿದ್ಯೆಯಲ್ಲಿಯೇ ದುಡಿದು ಮೇಲೇರಿದವರು. ಅದನ್ನು ಬಿಟ್ಟುಬಂದ ಕೊರಗು ಅವರಲ್ಲಿ ಕೆಲವರಿಗಾದರೂ ಇದ್ದೀತು. ಅಂಥವರು ಬರುವಾಗ ವರದಿಯ ಹಾಳೆಯನ್ನು ಹೊರಗಿಟ್ಟು, ತಾವು ಅಂದು ಬಿಡಿಸಲಾಗದೆ ಬಿಟ್ಟಿದ್ದ ತೊಡಕೊಂದನ್ನು ತರಲಿ, ಮತ್ತು ಅದನ್ನು ಆ ಕೋಣೆಯಲ್ಲಿರುವ ಎಲ್ಲರಿಗಿಂತ ಕಿರಿಯವಳ ಮುಂದೆ ಇಟ್ಟು ಕೇಳಲಿ.